ರೋಗಿಯ ಬಳಿಯೇ ನಡೆಸುವ ರೋಗಪರೀಕ್ಷೆ

ರಕ್ತ, ಮೂತ್ರ, ಕಫ ಮುಂತಾದವನ್ನು ದೂರದ ಪ್ರಯೋಗಾಲಯಕ್ಕೆ ಕಳುಹಿಸದೆ ಹಾಸಿಗೆಯ ಪಕ್ಕದಲ್ಲಿ, ಸಣ್ಣ ಆಸ್ಪತ್ರೆಯಲ್ಲಿ ಇಲ್ಲವೆ ಮನೆಯಲ್ಲೇ ಪರೀಕ್ಷಿಸಿ ಬೇಗ ಫಲಿತಾಂಶ ಪಡೆಯುವ ಕ್ರಮ. ಇದರ ಇತ್ತೀಚಿನ ಬೆಳವಣಿಗೆಯಲ್ಲಿ ಬೆಂಗಳೂರಿನ ಮಲ್ಲೇಶ್ವರಂ ಆಸುಪಾಸಿನ ಸಂಸ್ಥೆಗಳ ಪಾಲು ಗಮನಾರ್ಹ.

ಆರಂಭ: ಮಧುಮೇಹಿಯ ಮೂತ್ರ ಸಿಹಿಯೆಂಬುದನ್ನು ಪ್ರಾಚೀನ ಆಯುರ್ವೇದ ಗ್ರಂಥಗಳು ಗುರುತಿಸಿದ್ದವು. 20ನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟ್ ರೂಪಿಸಿದ ನೀಲಿ ದ್ರಾವಣ ಈ ತಪಾಸಣೆಯನ್ನು ಸುಲಭವಾಗಿಸಿತು. 5 ಮಿಲಿಲೀಟರ್ ದ್ರಾವಣಕ್ಕೆ 8 ಹನಿ ಮೂತ್ರ ಹಾಕಿ ಸ್ಪಿರಿಟ್ ದೀಪದ ಮೇಲೆ ಕುದಿಸಿದರೆ, ಸಕ್ಕರೆ ಹೆಚ್ಚಿದಂತೆ ಅದು ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆಗೆಂಪು ಬಣ್ಣಕ್ಕೆ ತಿರುಗುತ್ತದೆ. 1956ರಲ್ಲಿ ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿ ಬಂದ ಮೇಲೆ ಕುದಿಸುವ ಕೆಲಸ ತಪ್ಪಿತು. 1960ರ ದಶಕದಲ್ಲಿ ರಕ್ತದ ಹನಿಗೂ ಅಂಥದೇ ಪಟ್ಟಿ ಸಿದ್ಧವಾಯಿತು.

ಬಣ್ಣದಿಂದ ವಿದ್ಯುತ್ತಿಗೆ: ಬಣ್ಣವನ್ನು ಕಣ್ಣಂದಾಜಿನಲ್ಲಿ ಓದುವಾಗ ಒಬ್ಬೊಬ್ಬರದು ಒಂದೊಂದು ತೀರ್ಮಾನವಾಗುತ್ತಿತ್ತು. 1970ರ ಸುಮಾರಿಗೆ ಬಂದ ಮಾಪಕ ಪಟ್ಟಿಯಿಂದ ಪ್ರತಿಫಲಿಸಿದ ಬೆಳಕನ್ನು ಅಳೆಯಿತು. 1962ರಲ್ಲಿ ಲೆಲ್ಯಾಂಡ್ ಕ್ಲಾರ್ಕ್ ಮುಂದಿಟ್ಟಿದ್ದ ಕಿಣ್ವ–ವಿದ್ಯುದ್ವಾರದ ತತ್ತ್ವ 1980ರ ದಶಕದ ಗ್ಲುಕೋಮೀಟರುಗಳಿಗೆ ಬಂತು. ಕಿಣ್ವದೊಡನೆ ಸಕ್ಕರೆ ವರ್ತಿಸಿದಾಗ ಹರಿಯುವ ಸಣ್ಣ ವಿದ್ಯುತ್ತೇ ಇಲ್ಲಿ ಅಳತೆ.

ಬೆಂಗಳೂರಿನ ಕೊಡುಗೆ: ಮಲ್ಲೇಶ್ವರಂಗೆ ಹೊಂದಿಕೊಂಡಿರುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಅವರ ಸಂವೇದಕ ಸಂಶೋಧನೆಯಿಂದ ಪಾತ್‌ಶೋಧ್ ಎಂಬ ಕಂಪನಿ ಹುಟ್ಟಿತು. ಕೈಯಲ್ಲಿ ಹಿಡಿಯುವ ಅದರ ಉಪಕರಣ ರಕ್ತದ ಸಕ್ಕರೆಯ ಜೊತೆಗೆ ಕಳೆದ ಎರಡು–ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ, ಹಿಮೋಗ್ಲೋಬಿನ್, ಮೂತ್ರಪಿಂಡದ ಹಾನಿ ಸೂಚಿಸುವ ಆಲ್ಬುಮಿನ್ ಮುಂತಾದವನ್ನೂ ಅಳೆಯುತ್ತದೆ. ಭಟ್ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು. ನೆರೆಯ ರಾಜಾಜಿನಗರದ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ ಟ್ರೂನ್ಯಾಟ್, ಕ್ಷಯರೋಗಾಣುವಿನ ಡಿಎನ್‌ಎಯನ್ನು ಸುಮಾರು ಒಂದು ಗಂಟೆಯಲ್ಲಿ ಪತ್ತೆಮಾಡುತ್ತದೆ. ಬ್ಯಾಟರಿಯಿಂದ ನಡೆಯುವುದರಿಂದ ಕರೆಂಟ್ ಹೋದರೂ ಕೆಲಸ ನಿಲ್ಲದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು 2020ರಲ್ಲಿ ಅನುಮೋದಿಸಿತು. ಅದೇ ವರ್ಷ ಕೋವಿಡ್ ಪತ್ತೆಗೂ ಇದು ಬಳಕೆಯಾಯಿತು.

ಇತಿಮಿತಿ: ಸಿಹಿ ತಿಂದ ಬೆರಳನ್ನು ತೊಳೆಯದೆ ಚುಚ್ಚಿದರೆ ಗ್ಲುಕೋಮೀಟರ್ ಸುಳ್ಳು ಹೇಳುತ್ತದೆ. ಅವಧಿ ಮೀರಿದ, ತೇವ ತಗಲಿದ ಪಟ್ಟಿಯೂ ಹಾಗೆಯೇ. ಮನೆಯ ಗ್ಲುಕೋಮೀಟರ್ ಇರುವುದು ಸಕ್ಕರೆಯ ಏರಿಳಿತ ಗಮನಿಸಲು. ಮಧುಮೇಹ ಇದೆಯೇ ಎಂಬುದನ್ನು ನಿರ್ಧರಿಸಲು ಇಂದಿಗೂ ಪ್ರಯೋಗಾಲಯದ ಪರೀಕ್ಷೆಯೇ ಆಧಾರ.