ನಾಯಿ ಯಾರನ್ನು ಕಂಡು ಬೊಗಳುತ್ತದೆ?

ಬೆಳಗಿನ ಹೊತ್ತು ನಾನು ನಡೆಯಲು ಹೊರಟರೆ ನಮ್ಮ ಬೀದಿಯ ನಾಯಿಗಳು ಬಾಲ ಅಲ್ಲಾಡಿಸಿ ಸುಮ್ಮನಾಗುತ್ತವೆ. ಅದೇ ಹೊತ್ತಿಗೆ ಹೆಗಲ ಮೇಲೆ ಗೋಣಿಚೀಲ ಹೊತ್ತು ಚಿಂದಿ ಆಯಲು ಬರುವ ಹೆಂಗಸನ್ನು ಮಾತ್ರ ಬೀದಿಯ ಕೊನೆಯವರೆಗೂ ಬೊಗಳಿ ಅಟ್ಟುತ್ತವೆ.

"ನಾಯಿಗೆ ಕಳ್ಳರ ವಾಸನೆ ಗೊತ್ತಾಗುತ್ತೆ ಟೀಚರ್" ಎಂದರು ಎದುರುಮನೆಯವರು. ನಾನೂ ತಲೆಯಾಡಿಸಿದೆ. ಆಮೇಲೆ ಅದೇಕೋ ಮನಸ್ಸಿಗೆ ಸರಿಬರಲಿಲ್ಲ.

ನಾಯಿ ತೋಳದ ವಂಶದ್ದು. ಆದರೆ ಬೆಳೆದ ತೋಳ ಬೊಗಳುವುದು ಅಪರೂಪ. ಬೊಗಳುವ ಗುಣ ಇಷ್ಟು ಬೆಳೆದದ್ದು ಮನುಷ್ಯನ ಸಹವಾಸದಲ್ಲಿ. ಆ ಸಹವಾಸ ಬಹಳ ಹಳೆಯದು. ಜರ್ಮನಿಯ ಬಾನ್ ನಗರದ ಬಳಿ 1914ರಲ್ಲಿ ದೊರೆತ, ಸುಮಾರು 14,000 ವರ್ಷ ಹಿಂದಿನ ಗೋರಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸಿನ ಜೊತೆಗೆ ನಾಯಿಯ ಮೂಳೆಗಳೂ ಇದ್ದವು. ಅಪರಿಚಿತರು ಬಂದಾಗ ಎಚ್ಚರಿಸುವ ನಾಯಿಯನ್ನೇ ನಮ್ಮ ಹಿರಿಯರು ಮೆಚ್ಚಿ ಅನ್ನ ಹಾಕಿ ಉಳಿಸಿಕೊಂಡಿರಬೇಕು.

ನಾಯಿಯನ್ನು ಮೆಚ್ಚುವುದರಲ್ಲಿ ನಮ್ಮ ನಾಡೂ ಹಿಂದೆ ಬಿದ್ದಿಲ್ಲ. ಕ್ರಿ.ಶ. 950ರ ಸುಮಾರಿನ ಆತಕೂರು ಶಾಸನವನ್ನು ನೋಡಿ. ಅದು ಮದ್ದೂರು ತಾಲ್ಲೂಕಿನದು. ಮಕ್ಕಳನ್ನು ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದಾಗ ಅಲ್ಲಿ ಅದನ್ನು ತೋರಿಸಿದ್ದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ. ಅವನ ಪರವಾಗಿ ಕಾದಿದ ಗಂಗರ ಬೂತುಗನ ಬಂಟ ಮಣಲೇರ ತನ್ನ ಶೌರ್ಯಕ್ಕೆ ಬೇಡಿ ಪಡೆದದ್ದು ಊರನ್ನಲ್ಲ, ಹೊನ್ನನ್ನಲ್ಲ; ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಯ ಏರ್ಪಾಡನ್ನೂ ಮಾಡಿದರು.

ಎದುರಿಸುವ ನಾಯಿಗೆ ಇಷ್ಟು ಮನ್ನಣೆ ಕೊಟ್ಟವರು ನಾವೇ. ಆದರೆ ಯಾರನ್ನು ಎದುರಿಸಬೇಕೆಂದು ಅದಕ್ಕೆ ತಿಳಿಯುವುದು ಹೇಗೆ? ಕಳ್ಳತನಕ್ಕೆ ವಾಸನೆಯಿಲ್ಲ. ನಾಯಿ ನೋಡುವುದು ರೂಢಿಗೆ ಹೊರತಾದ ಆಕಾರವನ್ನು, ನಡಿಗೆಯನ್ನು. ಹೆಗಲ ಮೂಟೆ, ಕೈಯ ಕೋಲು, ಬೇರೆ ಬೀದಿಗಳ ವಾಸನೆ, ಹೆದರಿ ಸರಸರನೆ ಸರಿಯುವ ಹೆಜ್ಜೆ, ಇಷ್ಟು ಸಾಕು. ಹಿಂದೆ ಕಲ್ಲೇಟು ತಿಂದಿದ್ದರೆ ಬಗ್ಗಿದವರೆಲ್ಲ ಅದಕ್ಕೆ ವೈರಿಗಳೇ. ಚಿಂದಿ ಆಯುವವಳು ಬಗ್ಗದೆ ಬದುಕುವುದು ಹೇಗೆ? ಅದರ ಮೇಲೆ, ನಾವು ಯಾರನ್ನು ಗದರಿಸುತ್ತೇವೆ ಎಂಬುದನ್ನೂ ಅದು ದಿನವೂ ನೋಡುತ್ತಿರುತ್ತದೆ.

ಒಂದು ದಿನ ಅವಳ ಜೊತೆಯಲ್ಲೇ ನಡೆದೆ. ನಾಯಿಗಳು ಎರಡು ಸಲ ಬೊಗಳಿ ನನ್ನ ಮುಖ ನೋಡಿ ಸುಮ್ಮನಾದವು.

"ದಿನಾ ಹೀಗೆ ಬೊಗಳಿದರೆ ಭಯವಾಗೋದಿಲ್ಲವೇನಮ್ಮ?" ಎಂದೆ.

"ನಾಯಿಗೇನ್ ಭಯ ಬುಡಿ ಅಮ್ಮಾವ್ರೇ. ಅದು ಬೊಗಳ್ತು ಅಂತ ಮನೆಯವ್ರು ಕಿಟಕಿ ತೆಗೆದು ನೋಡ್ತಾರಲ್ಲ, ಅದಕ್ಕೇ ಭಯ."

ನಾನು ಮಾತಾಡಲಿಲ್ಲ. ಆ ಕಿಟಕಿಗಳಲ್ಲಿ ನನ್ನದೂ ಒಂದಾಗಿತ್ತು.