ಜಪಾನೀಯರ ಲಘು ಟ್ಯಾಂಕು

ಜಪಾನು ದೇಶದ ಆಯುಧಗಳ ಹೆಸರಿನಲ್ಲಿಯೇ ಅವುಗಳ ಜನ್ಮವರ್ಷವು ಅಡಗಿರುತ್ತಿದ್ದಿತು. ಕನ್ನಡನಾಡಿನಲ್ಲಿ ಶಾಲಿವಾಹನ ಶಕವನ್ನು ಎಣಿಸುವಂತೆ ಅಲ್ಲಿಯವರು ಜಿಮ್ಮು ಚಕ್ರವರ್ತಿಯ ಪಟ್ಟಾಭಿಷೇಕದಿಂದ, ಎಂದರೆ ಕ್ರಿಸ್ತಪೂರ್ವ 660ರಿಂದ, ವರ್ಷಗಳನ್ನು ಎಣಿಸುತ್ತಿದ್ದರು. ಆ ಗಣನೆಯಲ್ಲಿ 1935ನೆಯ ಇಸವಿಯು 2595 ಆಗುತ್ತದೆ. ಆ ವರ್ಷ ಸೈನ್ಯವು ಅಂಗೀಕರಿಸಿದ ಲಘು ಟ್ಯಾಂಕಿಗೆ ‘ತೊಂಬತ್ತೈದನೆಯ ಮಾದರಿ’ ಎಂಬ ಹೆಸರು ಬಂದುದು ಹೀಗೆ. ‘ಹಾ-ಗೋ’ ಎಂಬುದು ಅದರ ಇನ್ನೊಂದು ಹೆಸರು. ಅಲ್ಲಿಯ ಹಳೆಯ ಅಕ್ಷರಮಾಲೆಯಲ್ಲಿ ‘ಹಾ’ ಮೂರನೆಯ ಅಕ್ಷರವಾದುದರಿಂದ ಅದಕ್ಕೆ ಮೂರನೆಯದು ಎಂದಷ್ಟೇ ಅರ್ಥ.

ಟ್ಯಾಂಕು ಜಪಾನಿಗೆ ಬಂದದ್ದು ಪರದೇಶದಿಂದ. 1918ರಲ್ಲಿ ಇಂಗ್ಲೆಂಡಿನಿಂದ ಒಂದನ್ನೂ, ಮರುವರ್ಷ ಫ್ರಾನ್ಸಿನ ರೆನೋ ಟ್ಯಾಂಕುಗಳನ್ನೂ ತರಿಸಿಕೊಂಡು ಪರೀಕ್ಷಿಸಿದವರು 1927ರ ಹೊತ್ತಿಗೆ ಒಸಾಕಾದ ಆಯುಧಶಾಲೆಯಲ್ಲಿ ಸ್ವಂತದೊಂದನ್ನು ಕಟ್ಟಿದರು. ಅದರ ಬೆನ್ನಹಿಂದೆ ಬಂದ ಎಂಬತ್ತೊಂಬತ್ತನೆಯ ಮಾದರಿಯು ಕಾಲಾಳುಗಳ ಜತೆಯಲ್ಲಿ ಸಾಗುವುದಕ್ಕೆ ತಕ್ಕುದಾಗಿದ್ದಿತು. ಅದರ ವೇಗ ಗಂಟೆಗೆ 25 ಕಿಲೋಮೀಟರು. ಆದರೆ ಮಂಚೂರಿಯಾದ ಬಯಲಿನಲ್ಲಿ ಸೈನಿಕರು ಲಾರಿಗಳನ್ನೇರಿ ಓಡಲಾರಂಭಿಸಿದ ಮೇಲೆ ಈ ಮಂದಗಾಮಿಯು ಹಿಂದೆಯೇ ಉಳಿಯತೊಡಗಿತು. ಲಾರಿಯೊಡನೆ ಓಡಬಲ್ಲ ಟ್ಯಾಂಕು ಬೇಕಾಯಿತು. ಹಾ-ಗೋವಿನ ಹುಟ್ಟಿಗೆ ಕಾರಣ ಇದೇ; ಅದರ ಗುಣದೋಷಗಳೆರಡಕ್ಕೂ ಮೂಲವೂ ಇದೇ.

ಮೊದಲನೆಯ ಮಾದರಿಯು 1934ರಲ್ಲಿ ಸಿದ್ಧವಾಯಿತು. ಅಧಿಕಾರಿಯಾದ ಹಾರಾ ತೋಮಿಯೋ ಎಂಬಾತನು ರೂಪಿಸಿದ ಚಕ್ರಬಂಧನವು ಅಗ್ಗವೂ ಗಟ್ಟಿಯೂ ಆಗಿದ್ದಿತು. ಯಂತ್ರವು ಮಿತ್ಸುಬಿಷಿ ಕಾರ್ಖಾನೆಯ 120 ಅಶ್ವಶಕ್ತಿಯ ಡೀಸೆಲ್ ಯಂತ್ರ; ಗಾಳಿಯಿಂದಲೇ ತಂಪಾಗುವಂಥದು. ನೀರು ಹೆಪ್ಪುಗಟ್ಟುವ ಉತ್ತರ ಮಂಚೂರಿಯಾದಲ್ಲಿ ಇದು ಸಣ್ಣ ಅನುಕೂಲವಲ್ಲ. ಡೀಸೆಲ್ ಎಣ್ಣೆಯು ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳುವುದೂ ಇಲ್ಲ. ಆ ಕಾಲದಲ್ಲಿ ಯೂರೋಪಿನ ಬಹುತೇಕ ಟ್ಯಾಂಕುಗಳು ಪೆಟ್ರೋಲಿನಿಂದಲೇ ನಡೆಯುತ್ತಿದ್ದುವೆಂಬುದನ್ನು ನೆನೆದರೆ ಜಪಾನಿನ ಯಂತ್ರಶಿಲ್ಪಿಗಳನ್ನು ಬರಿಯ ಅನುಕರಣಕಾರರೆಂದು ಹಳಿಯುವುದು ನ್ಯಾಯವಲ್ಲ.

ಒಟ್ಟು ತೂಕ 7.4 ಟನ್ನು, ವೇಗ ಗಂಟೆಗೆ 40 ಕಿಲೋಮೀಟರಿಗಿಂತ ಹೆಚ್ಚು, ಒಳಗೆ ಮೂವರು ಆಳು, 37 ಮಿಲಿಮೀಟರಿನ ಒಂದು ಫಿರಂಗಿ, ಎರಡು ಮೆಶೀನ್‌ಗನ್ನುಗಳು. ಕವಚದ ದಪ್ಪವಾದರೋ ಅತಿ ಹೆಚ್ಚೆಂದರೆ 12 ಮಿಲಿಮೀಟರು. ಇದನ್ನು ಕಂಡು ಕಾಲಾಳುಗಳ ಪಕ್ಷದ ಅಧಿಕಾರಿಗಳು ಕವಚವು ಸಾಲದೆಂದು ಆಕ್ಷೇಪಿಸಿದರು. ಅಶ್ವದಳದವರಿಗೆ ಮಾತ್ರ ಅದು ಮೆಚ್ಚಿಗೆಯಾಯಿತು. ಅವರ ಕೈಯಲ್ಲಿ ಅದುವರೆಗೆ ಇದ್ದುದು ಇನ್ನೂ ತೆಳುವಾದ ತೊಂಬತ್ತೆರಡನೆಯ ಮಾದರಿ. ಟ್ಯಾಂಕುಗಳು ಕಾಲಾಳುಗಳ ಸೊತ್ತೆಂಬ ಕಟ್ಟಳೆಯಿದ್ದುದರಿಂದ ಅದನ್ನು ‘ಕವಚದ ಗಾಡಿ’ಯೆಂದು ಹೆಸರಿಟ್ಟು ಪಡೆದುಕೊಂಡಿದ್ದರು! ಕೊನೆಗೆ ವೇಗವೇ ರಕ್ಷೆಯೆಂಬ ಅಶ್ವದಳದ ವಾದವು ಗೆದ್ದಿತು. ಆ ವಾದದ ಬೆಲೆಯನ್ನು ತೆತ್ತವರು ಒಳಗೆ ಕುಳಿತವರು.

ಗೋಪುರದಲ್ಲಿ ಒಬ್ಬನಿಗೇ ಸ್ಥಳ. ಅವನೇ ನಾಯಕ, ಹೊರಗೆ ನೋಡಬೇಕು, ಸಾರಥಿಗೆ ದಾರಿ ಹೇಳಬೇಕು, ಫಿರಂಗಿಗೆ ಗುಂಡು ತುಂಬಬೇಕು, ಗುರಿಯಿಟ್ಟು ಹಾರಿಸಬೇಕು. ಗೋಪುರದ ಹಿಂಬದಿಗಿದ್ದ ಮೆಶೀನ್‌ಗನ್ನೂ ಅವನದೇ ಪಾಲು. ಗುರಿಯಿಡುವಾಗ ದಂಡಿನ ಕಡೆಗೆ ಕಣ್ಣಿಲ್ಲ, ದಂಡನ್ನು ನೋಡುವಾಗ ಫಿರಂಗಿಯು ಸುಮ್ಮನೆ. ಮಂಚೂರಿಯಾದಲ್ಲಿ ಇನ್ನೊಂದು ವಿಚಿತ್ರವಾದ ತೊಡಕು ಕಂಡುಬಂದಿತು. ಅಲ್ಲಿಯ ಜೋಳದ ಹೊಲಗಳ ಸಾಲುಗಳ ಅಂತರವೂ ಟ್ಯಾಂಕಿನ ಚಕ್ರಗಳ ಅಂತರವೂ ಹೊಂದಿಕೊಂಡು, ಗಾಡಿಯು ತೊಟ್ಟಿಲಿನಂತೆ ತೂಗಾಡತೊಡಗಿತು. ಅಲ್ಲಿಗೆ ಕಳುಹಿಸುವ ಗಾಡಿಗಳಿಗೆ ಚಕ್ರಗಳ ನಡುವೆ ಸಣ್ಣದೊಂದು ಚಕ್ರವನ್ನು ಸೇರಿಸಬೇಕಾಯಿತು. ಯುದ್ಧಶಾಸ್ತ್ರಜ್ಞರು ಎಣಿಸದಿದ್ದುದನ್ನು ರೈತನ ನೇಗಿಲು ತೋರಿಸಿಕೊಟ್ಟಿತು.

1939ರ ಬೇಸಗೆಯಲ್ಲಿ ಮಂಗೋಲಿಯಾದ ಗಡಿಯ ಖಾಲ್ಖಿನ್ ಗೋಲ್ ನದಿಯ ಬಳಿ ರಷ್ಯನ್ನರೊಡನೆ ಕದನವಾಯಿತು. ಜುಲೈ 2ರ ರಾತ್ರಿ, ಗುಡುಗು ಮಿಂಚುಗಳ ನಡುವೆ, ತಾಮಾದಾ ಎಂಬ ಸೇನಾನಿಯ ನಾಲ್ಕನೆಯ ಟ್ಯಾಂಕು ದಳವು ರಷ್ಯನ್ನರ ನೆಲೆಗಳೊಳಕ್ಕೆ ನುಗ್ಗಿ ಬಂದಿತು. ಆ ದಳದ ಹೆಚ್ಚಿನ ಗಾಡಿಗಳು ಹಾ-ಗೋಗಳೇ. ಆದರೆ ಹಗಲಾದ ಮೇಲೆ ಕಥೆಯೇ ಬೇರೆ. ರಷ್ಯನ್ನರ 45 ಮಿಲಿಮೀಟರಿನ ಫಿರಂಗಿಯು ದೂರದಿಂದಲೇ ಆ ತೆಳುಕವಚವನ್ನು ಭೇದಿಸುತ್ತಿದ್ದಿತು. ಕೆಲವೇ ದಿನಗಳಲ್ಲಿ ಜಪಾನೀಯರು ತಮ್ಮ ಟ್ಯಾಂಕುಗಳನ್ನು ರಣರಂಗದಿಂದ ಹಿಂದಕ್ಕೆ ಕರೆಸಿಕೊಂಡರು.

ಇಷ್ಟಾದರೂ ಮಲಯದಲ್ಲಿ ಅದೇ ಟ್ಯಾಂಕು ಭಯಂಕರವಾಯಿತು. 1941ರ ಡಿಸೆಂಬರಿನಲ್ಲಿ ಜಪಾನೀಯರು ಇಳಿದಾಗ ಅಲ್ಲಿಯ ಬ್ರಿಟಿಷ್ ಸೈನ್ಯಕ್ಕೆ ಟ್ಯಾಂಕುಗಳೇ ಇರಲಿಲ್ಲ. ಭಾರತದಿಂದ ಹೋದ ಸಿಪಾಯಿಗಳಲ್ಲಿ ಅನೇಕರು ಟ್ಯಾಂಕನ್ನು ಕಣ್ಣಿನಿಂದಲೂ ಕಂಡವರಲ್ಲ. ಹಗುರವಾದ ಗಾಡಿಯು ಸಣ್ಣ ಸೇತುವೆಗಳನ್ನು ದಾಟಿ, ರಬ್ಬರು ತೋಟಗಳ ನಡುವಣ ದಾರಿಗಳಲ್ಲಿ ಓಡಿತು. ಎದುರಿಸುವ ಸಾಧನವಿದ್ದಲ್ಲಿ ಮಾತ್ರ ಅದರ ನಿಜರೂಪವು ಬಯಲಾಗುತ್ತಿದ್ದಿತು. 1942ರ ಜನವರಿ 18ರಂದು ಬಕ್ರಿ ಎಂಬಲ್ಲಿ, ಭಾರತದ 45ನೆಯ ಬ್ರಿಗೇಡಿಗೆ ನೆರವಾಗಿ ಬಂದಿದ್ದ ಆಸ್ಟ್ರೇಲಿಯನ್ನರು ಕೆಲವೇ ಫಿರಂಗಿಗಳಿಂದ, ಕಾಲಾಳುಗಳ ಬೆಂಬಲವಿಲ್ಲದೆ ನುಗ್ಗಿದ ಗೊತಾಂದಾ ಎಂಬ ನಾಯಕನ ಹಾ-ಗೋ ತುಕಡಿಯನ್ನು ದಾರಿಯ ಮೇಲೆಯೇ ನಾಶಮಾಡಿದರು.

ದೋಷಗಳು ಜಪಾನೀಯರಿಗೆ ತಿಳಿಯದೆ ಇರಲಿಲ್ಲ. ಗೋಪುರದಲ್ಲಿ ಇಬ್ಬರಿಗೆ ಸ್ಥಳವಿದ್ದ, ಕವಚವೂ ಕೊಂಚ ದಪ್ಪವಾಗಿದ್ದ ‘ಕೆ-ನಿ’ ಎಂಬ ತೊಂಬತ್ತೆಂಟನೆಯ ಮಾದರಿಯನ್ನು 1938ರಲ್ಲಿಯೇ ರೂಪಿಸಿದ್ದರು. ಅದು ಕಾರ್ಖಾನೆಯಿಂದ ಹೊರಬೀಳಲು 1942 ಆಯಿತು; ತಯಾರಾದುವು ಸುಮಾರು ನೂರು. ಹಡಗುಗಳಿಗೂ ವಿಮಾನಗಳಿಗೂ ಉಕ್ಕು ಮೊದಲು ಸಲ್ಲಬೇಕಾಗಿದ್ದಿತು. ಹಳೆಯ ಹಾ-ಗೋ ಸುಮಾರು 2,300ರ ಮಟ್ಟಿಗೆ ತಯಾರಾಯಿತು. 1944ರ ಮಾರ್ಚಿಯಲ್ಲಿ ತಾಮು ಊರಿನ ಬಳಿ ಇಂಫಾಲದ ದಾರಿಯಲ್ಲಿ ಅವುಗಳಿಗೆ ಎದುರಾದ ಲೀ ಟ್ಯಾಂಕುಗಳು ತೂಕದಲ್ಲಿ ಮೂರುಪಟ್ಟಿಗಿಂತ ಮಿಗಿಲು. ಅವುಗಳ ಫಿರಂಗಿ 75 ಮಿಲಿಮೀಟರಿನದು.

ಕಟ್ಟಕಡೆಯ ಕಾಳಗವು ಕುರಿಲ್ ದ್ವೀಪಗಳಲ್ಲಿ ನಡೆಯಿತು. ಚಕ್ರವರ್ತಿಯು ಶರಣಾಗತಿಯನ್ನು ಸಾರಿ ಮೂರು ದಿನಗಳಾದ ಮೇಲೆ, 1945ರ ಆಗಸ್ಟ್ 18ರಂದು, ಶುಂಶು ದ್ವೀಪಕ್ಕೆ ಇಳಿದ ರಷ್ಯನ್ನರ ಮೇಲೆ ಇಕೆದಾ ಎಂಬ ಸೇನಾನಿಯು ತನ್ನ ಹನ್ನೊಂದನೆಯ ಟ್ಯಾಂಕು ದಳವನ್ನು ಮಂಜಿನೊಳಗೆ ನಡೆಸಿಕೊಂಡು ಹೋದನು. ಅವನೂ ಅವನ ಹಲವು ಮಂದಿಯೂ ಅಲ್ಲಿಯೇ ಮಡಿದರು. ಹಾ-ಗೋಗಳ ತುಕ್ಕು ಹಿಡಿದ ಒಡಲುಗಳು ಆ ದ್ವೀಪದ ಹುಲ್ಲಿನಲ್ಲಿ ಬಹುಕಾಲ ಬಿದ್ದಿದ್ದುವು.