ಐದು ವರ್ಷಕ್ಕೊಮ್ಮೆ ಕಿರಿಯರಾಗುವವರು

1911ರ ಏಪ್ರಿಲ್ ತಿಂಗಳು. ಬಾಸ್ಟನ್ ಮ್ಯಾರಥಾನ್ ಶುರುವಾಗೋ ಮುಂಚೆ ಡಾಕ್ಟರುಗಳು ಓಟಗಾರರ ಎದೆಗೆ ಸ್ಟೆತೊಸ್ಕೋಪ್ ಇಟ್ಟು ನೋಡುತ್ತಿದ್ದರು. ಕ್ಲಾರೆನ್ಸ್ ಡಿಮಾರ್ ಎಂಬ 22 ವರ್ಷದ ಹುಡುಗನ ಎದೆಯಲ್ಲಿ ಏನೋ ಸರಿಯಿಲ್ಲದ ಸದ್ದು ಕೇಳಿಸಿತು. ಇದೊಂದು ಓಟ ಮುಗಿಸು, ಆಮೇಲೆ ಈ ಉಸಾಬರಿ ಬಿಟ್ಟುಬಿಡು ಅಂತ ಹೇಳಿ ಕಳಿಸಿದರು. ಡಿಮಾರ್ ಆವತ್ತು ಗೆದ್ದ. ಬರೀ ಗೆದ್ದಿದ್ದಲ್ಲ, ಅಲ್ಲಿವರೆಗಿನ ದಾಖಲೆ ಮುರಿದು ಗೆದ್ದ.

ಮರುವರ್ಷ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ 12ನೆಯವನಾಗಿ ಬಂದ. ಅದಾದ ಮೇಲೆ ಹೆಚ್ಚುಕಮ್ಮಿ ನಾಪತ್ತೆ. ಇಪ್ಪತ್ತರಿಂದ ಮೂವತ್ತರವರೆಗಿನ ಒಳ್ಳೆಯ ವರ್ಷಗಳೆಲ್ಲ ಹಾಗೇ ಕಳೆದವು. ಡಾಕ್ಟರ ಮಾತೊಂದೇ ಕಾರಣ ಅಲ್ಲ, ಓದು, ಹೊಟ್ಟೆಪಾಡು, ಮಹಾಯುದ್ಧ ಎಲ್ಲಾ ಇತ್ತು. ಆತ ಪ್ರೆಸ್ಸಿನಲ್ಲಿ ಕೆಲಸ ಮಾಡುತ್ತಿದ್ದವನು. 1922ರಲ್ಲಿ, 33ನೇ ವಯಸ್ಸಿಗೆ, ವಾಪಸ್ ಬಂದು ಬಾಸ್ಟನ್ ಗೆದ್ದ. 1923ರಲ್ಲಿ ಮತ್ತೆ, 1924ರಲ್ಲಿ ಮತ್ತೆ. ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು. ಆಮೇಲೆ 1927, 1928, ಕೊನೆಗೆ 1930. ಆಗ ಆತನಿಗೆ 41. ಬಾಸ್ಟನ್ ಮ್ಯಾರಥಾನನ್ನು ಏಳು ಸಲ ಗೆದ್ದ ಗಂಡಸು ಇವತ್ತಿಗೂ ಆತನೊಬ್ಬನೇ.

1954ರಲ್ಲಿ, 65ನೇ ವಯಸ್ಸಲ್ಲಿ, ಕೊನೆಯ ಬಾರಿ ಬಾಸ್ಟನ್ ಓಡಿದ. 1958ರಲ್ಲಿ ತೀರಿಕೊಂಡಿದ್ದು ಕ್ಯಾನ್ಸರ್‌ನಿಂದ, ಹೃದಯದಿಂದ ಅಲ್ಲ. ಮರಣೋತ್ತರ ಪರೀಕ್ಷೆಯ ವರದಿ 1961ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬರೆದವರಲ್ಲಿ ಒಬ್ಬರು ಪಾಲ್ ಡಡ್ಲಿ ವೈಟ್, ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಚಿಕಿತ್ಸೆ ಕೊಟ್ಟ ಹೃದ್ರೋಗ ತಜ್ಞರು. ಡಿಮಾರ್‌ನ ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಸಾಮಾನ್ಯ ಮನುಷ್ಯರದ್ದಕ್ಕಿಂತ ಎರಡು ಮೂರು ಪಟ್ಟು ದೊಡ್ಡದಾಗಿದ್ದವು. ಓಡಬೇಡ ಅಂತ ಹೇಳಿಸಿಕೊಂಡ ಹೃದಯ ಅದು!

ಈ ಕತೆ ಯಾಕೆ ಹೇಳಿದೆ ಅಂದರೆ, ನನಗೀಗ 37. ಹತ್ತು ಕಿಲೋಮೀಟರ್ ಓಟದಲ್ಲಿ ನನ್ನ ಅತ್ಯುತ್ತಮ ಟೈಮಿಂಗ್ ಐದು ವರ್ಷ ಹಿಂದಿನದು. ಈಗ ಎಷ್ಟೇ ತಿಣುಕಿದರೂ ಅದಕ್ಕಿಂತ ನಾಲ್ಕು ನಿಮಿಷ ಹಿಂದೆ. ಟೀಮಿಗೆ ಹೊಸದಾಗಿ ಸೇರಿದ ಹುಡುಗ, ಹಿಂದಿನ ರಾತ್ರಿ ಎರಡರವರೆಗೆ ಎದ್ದಿದ್ದು, ಬೆಳಗ್ಗೆ ಬಂದು ನನ್ನನ್ನು ದಾಟಿಕೊಂಡು ಹೋಗ್ತಾನೆ. 'ಆರೋಗ್ಯಕ್ಕೋಸ್ಕರ ಓಡಿ ಸಾರ್, ಕಾಂಪಿಟೇಶನ್ ಯಾಕೆ?' ಅಂತ ಎಲ್ಲರೂ ಹೇಳ್ತಾರೆ. ಸರಿ, ಒಪ್ಪೋಣ. ಆದರೆ ಆರೋಗ್ಯ ಅನ್ನೋದು ಡಿಸೆಂಬರ್ ಚಳಿಯಲ್ಲಿ ಬೆಳಗ್ಗೆ ಐದಕ್ಕೆ ಹೊದಿಕೆ ಕಿತ್ತೆಸೆಯುವಷ್ಟು ದೊಡ್ಡ ಕಾರಣ ಅಲ್ಲ. ಕನಿಷ್ಠ ನನಗಂತೂ ಅಲ್ಲ. ಯಾರನ್ನಾದರೂ ಹಿಂದೆ ಹಾಕಬೇಕು ಅನ್ನೋ ಆಸೆ ಇದೆಯಲ್ಲ, ಅದು ಎಬ್ಬಿಸುತ್ತೆ. ಹಾಗಾದರೆ ವಯಸ್ಸಾದ ಮೇಲೆ ಯಾರನ್ನು ಹಿಂದೆ ಹಾಕೋದು? ಈ ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳೋಕೆ ಜಗತ್ತಿಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಮೊದಲ ಅಡ್ಡಿ ಹೆದರಿಕೆ. ಹತ್ತೊಂಬತ್ತನೇ ಶತಮಾನದಲ್ಲಿ ಹೃದಯ ಅಂದರೆ ಇಷ್ಟೇ ಎಣ್ಣೆ ಇರುವ ದೀಪ, ಜೋರಾಗಿ ಉರಿಸಿದರೆ ಬೇಗ ಆರುತ್ತೆ ಅನ್ನೋ ನಂಬಿಕೆ ಓದಿದವರಲ್ಲೂ ಇತ್ತು. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ದೋಣಿ ಸ್ಪರ್ಧೆ ಹುಡುಗರ ಆಯಸ್ಸು ತಿನ್ನುತ್ತಿದೆ ಅಂತ 1867ರಲ್ಲಿ ಸ್ಕೀ ಎಂಬ ಸರ್ಜನ್ ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಬರೆದರು. ಮಾರ್ಗನ್ ಎಂಬ ಇನ್ನೊಬ್ಬ ವೈದ್ಯರು, ಸ್ವತಃ ಹುಟ್ಟು ಹಾಕಿದವರು, ಬರೀ ವಾದ ಮಾಡುವ ಬದಲು 1829ರಿಂದ 1869ರವರೆಗಿನ ಹಳೇ ಸ್ಪರ್ಧಿಗಳನ್ನೆಲ್ಲ ಪತ್ತೆ ಹಚ್ಚಿ ಲೆಕ್ಕ ತೆಗೆದರು. 1873ರ ಅವರ ಪುಸ್ತಕ ಹೇಳಿದ್ದು ಉಲ್ಟಾ: ಹುಟ್ಟು ಹಾಕಿದವರು ವಿಮಾ ಕೋಷ್ಟಕದ ಲೆಕ್ಕಕ್ಕಿಂತ ಹೆಚ್ಚೇ ಬದುಕಿದ್ದರು. ಡೇಟಾ ಬಂದರೂ ನಂಬಿಕೆ ಹೋಗಲಿಲ್ಲ. ಅದಾಗಿ 38 ವರ್ಷಕ್ಕೆ ಡಿಮಾರ್‌ಗೆ ಅದೇ ಬುದ್ಧಿಮಾತು.

ಹೆದರಿಕೆ ಸಡಿಲವಾಗಿದ್ದು ನ್ಯೂಜಿಲೆಂಡಿನಲ್ಲಿ. ಆರ್ಥರ್ ಲಿಡಿಯಾರ್ಡ್ ಎಂಬ ಕೋಚ್, ಒಲಿಂಪಿಕ್ ಚಿನ್ನ ಗೆದ್ದ ಹುಡುಗರನ್ನು ತಯಾರು ಮಾಡಿದವನು, ಆಕ್ಲೆಂಡಿನ ನಡುವಯಸ್ಸಿನವರನ್ನೂ ಅಜ್ಜಂದಿರನ್ನೂ ನಿಧಾನವಾಗಿ ಓಡಿಸಲು ಶುರು ಮಾಡಿದ್ದ. 1962ರ ಕೊನೆಗೆ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಕೋಚ್ ಬಿಲ್ ಬೋವರ್‌ಮನ್ ತನ್ನ ರಿಲೇ ತಂಡದ ಜೊತೆ ಅಲ್ಲಿಗೆ ಹೋದ. ಹೌದು, ಮುಂದೆ ನೈಕಿ ಕಂಪನಿ ಕಟ್ಟಿದ ಇಬ್ಬರಲ್ಲಿ ಒಬ್ಬನಾದ ಅದೇ ಬೋವರ್‌ಮನ್. ಆಗ ಆತನಿಗೆ 51, ಊರಿಗೆಲ್ಲ ಓಟ ಕಲಿಸುವವನು, ತಾನು ಮಾತ್ರ ಓಡೋದು ಬಿಟ್ಟು ಎಷ್ಟೋ ಕಾಲವಾಗಿತ್ತು. ಒಂದು ಭಾನುವಾರ ಬೆಳಗ್ಗೆ ಲಿಡಿಯಾರ್ಡ್ ಅವನನ್ನೂ ಗುಂಪಿನ ಜೊತೆ ಕರೆದುಕೊಂಡು ಹೋದ. ಗುಡ್ಡ ಏರುವಾಗ ಉಸಿರು ಕಟ್ಟಿತು. ಅವನ ಜೊತೆಗಿರೋಕೆ ಅಂತ ಹಿಂದೆ ನಿಂತವರು ಯಾರು ಗೊತ್ತಾ? ಎಪ್ಪತ್ತು ದಾಟಿದ, ಹೃದಯಾಘಾತಗಳನ್ನೂ ದಾಟಿ ಬಂದಿದ್ದ ಒಬ್ಬ ಅಜ್ಜ. ಬೋವರ್‌ಮನ್ ಊರಿಗೆ ಮರಳಿ ಅಲ್ಲಿನವರನ್ನು ಓಡಿಸಿದ, ಒಬ್ಬ ಹೃದ್ರೋಗ ತಜ್ಞರನ್ನು ಜೊತೆಗಿಟ್ಟುಕೊಂಡು 1967ರಲ್ಲಿ ಜಾಗಿಂಗ್ ಬಗ್ಗೆ ಪುಸ್ತಕ ಬರೆದ. ಅಮೆರಿಕದಲ್ಲಿ ಜಾಗಿಂಗ್ ಹುಚ್ಚು ಹರಡಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಆದರೆ ಜಾಗಿಂಗ್ ಬೇರೆ, ರೇಸ್ ಬೇರೆ. ಜಾಗಿಂಗ್‌ನಲ್ಲಿ ಯಾರೂ ಸೋಲಲ್ಲ. ನನ್ನಂಥ ಕೆಟ್ಟ ಬುದ್ಧಿಯವರಿಗೆ ಅಲ್ಲೇ ಬೇಜಾರು ಬರೋದು.

ಅದೇ ಹೊತ್ತಿಗೆ ಸ್ಯಾನ್ ಡಿಯೇಗೋದಲ್ಲಿ ಡೇವಿಡ್ ಪೇನ್ ಎಂಬ ವಕೀಲ ಇದ್ದ. ನಲವತ್ತು ದಾಟಿದವನು, ಓಡೋದು ಮಾತ್ರ ಅಲ್ಲ, ಗೆಲ್ಲಬೇಕು ಅನ್ನೋ ಆಸಾಮಿ. ಇಪ್ಪತ್ತರ ಹುಡುಗರ ಜೊತೆ ನಿಂತರೆ ಗೆಲ್ಲೋದು ಕನಸಿನ ಮಾತು. 1966ರಲ್ಲಿ ಕ್ರೀಡಾಕೂಟದ ಆಯೋಜಕರನ್ನು ಒಪ್ಪಿಸಿ ನಲವತ್ತು ದಾಟಿದವರಿಗೆ ಅಂತಲೇ ಒಂದು ಮೈಲಿ ಓಟ ಇಡಿಸಿದ, 'ಮಾಸ್ಟರ್ಸ್' ಅಂತ ಹೆಸರಿಟ್ಟು. ಎರಡೇ ವರ್ಷದಲ್ಲಿ, 1968ಕ್ಕೆ, ಸ್ಯಾನ್ ಡಿಯೇಗೋದಲ್ಲೇ ಅಮೆರಿಕದ ಮೊದಲ ಮಾಸ್ಟರ್ಸ್ ಅಥ್ಲೆಟಿಕ್ ಚಾಂಪಿಯನ್‌ಶಿಪ್ ನಡೆಯಿತು. 1972ರಲ್ಲಿ ಪೇನ್ ಒಂದು ತಂಡ ಕಟ್ಟಿಕೊಂಡು ಯೂರೋಪ್ ಸುತ್ತಿ ಬಂದ. 1975ರಲ್ಲಿ ಟೊರೊಂಟೊದಲ್ಲಿ ಮೊದಲ ವಿಶ್ವ ಕೂಟ, 1977ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಅದಕ್ಕೊಂದು ಅಂತರರಾಷ್ಟ್ರೀಯ ಸಂಸ್ಥೆ.

ಇವರು ಮಾಡಿದ ನಿಜವಾದ ಆವಿಷ್ಕಾರ ಕೂಟ ಅಲ್ಲ, ಐದು ವರ್ಷದ ಗುಂಪು. 35ರಿಂದ 39, 40ರಿಂದ 44, 45ರಿಂದ 49, ಹೀಗೆ ನೂರರವರೆಗೂ. ನಮ್ಮ ಭಾಷೇಲಿ ಹೇಳಬೇಕಂದ್ರೆ ಆರ್ಡರ್ ಬೈಗೆ ಮುಂಚೆ ಒಂದು ಗ್ರೂಪ್ ಬೈ ಸೇರಿಸಿದರು, ಅಷ್ಟೇ. ಅದರ ಪರಿಣಾಮ ನೋಡಿ: 39 ಆದವನು ಗುಂಪಿನಲ್ಲಿ ಮುದುಕ, ಗೆಲ್ಲೋದು ಕಷ್ಟ. ಮರುವರ್ಷ ಹುಟ್ಟುಹಬ್ಬದ ದಿನ ಅವನೇ ಹೊಸ ಗುಂಪಿನ ಕೂಸು. ಉಳಿದವರಿಗೆ ನಲವತ್ತು ಅಂದರೆ ಎದೆ ಧಸಕ್ ಅನ್ನುವಾಗ ಇವರು ಕ್ಯಾಲೆಂಡರ್ ಎಣಿಸಿಕೊಂಡು ಕಾಯ್ತಾರೆ. ಐರ್ಲೆಂಡಿನ ಈಮನ್ ಕಾಗ್ಲನ್ 41ರಲ್ಲಿ ಮತ್ತೆ ತಯಾರಿ ಮಾಡಿ 1994ರಲ್ಲಿ ಒಳಾಂಗಣದಲ್ಲಿ ಒಂದು ಮೈಲಿಯನ್ನು 3 ನಿಮಿಷ 58.15 ಸೆಕೆಂಡಿನಲ್ಲಿ ಓಡಿದ. ನಲವತ್ತು ದಾಟಿ ನಾಲ್ಕು ನಿಮಿಷದೊಳಗೆ ಓಡಿದ ಮೊದಲಿಗ. ಆ ಸಮಯ ಆ ಹೊತ್ತಿನ ವಿಶ್ವದಾಖಲೆಯ ಹತ್ತಿರಕ್ಕೂ ಬರುವಂಥದ್ದಲ್ಲ. ಆದರೆ ನಲವತ್ತು ಅನ್ನೋ ಗೆರೆ ಇದ್ದಿದ್ದಕ್ಕೆ ಅದೂ ಇತಿಹಾಸ ಆಯ್ತು.

ಇದೆಲ್ಲ ಸಮಾಧಾನಕರ ಬಹುಮಾನ ಅಲ್ವಾ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಎಡ್ ವಿಟ್ಲಾಕ್ ಹೆಸರು ಹೇಳ್ತೀನಿ.

1931ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಗಣಿ ಇಂಜಿನಿಯರಾಗಿ ಕೆನಡಾಕ್ಕೆ ಹೋದವರು. ಕಾಲೇಜಿನಲ್ಲಿ ಚೆನ್ನಾಗಿ ಓಡುತ್ತಿದ್ದರು, ಆಮೇಲೆ ಕೆಲಸ, ಸಂಸಾರ, ಓಟ ಬಿಟ್ಟೇಹೋಯ್ತು. ಮತ್ತೆ ಶೂ ಹಾಕಿದ್ದು ನಲವತ್ತರ ಮೇಲೆ. ನಿವೃತ್ತಿಯಾದ ಮೇಲೆ ತಲೆಗೆ ಒಂದು ಹುಳ ಹೊಕ್ಕಿತು: ಎಪ್ಪತ್ತು ದಾಟಿದವರು ಯಾರೂ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿಲ್ಲ, ಮೊದಲಿಗ ತಾನೇ ಆಗಬೇಕು. ಮೂರು ಗಂಟೆ ಅಂದರೆ 42 ಕಿಲೋಮೀಟರ್ ಪೂರ್ತಿ, ಒಂದೊಂದು ಕಿಲೋಮೀಟರ್ ಸುಮಾರು ನಾಲ್ಕೂಕಾಲು ನಿಮಿಷದಂತೆ. ಕಬ್ಬನ್ ಪಾರ್ಕಿನಲ್ಲಿ ಓಡೋ ನಮ್ಮಲ್ಲಿ ಎಷ್ಟು ಜನ ಆ ವೇಗದಲ್ಲಿ ಐದು ಕಿಲೋಮೀಟರ್ ಓಡ್ತೀವಿ ಹೇಳಿ?

ಮಿಲ್ಟನ್ ಅನ್ನೋ ಊರಲ್ಲಿ ಅವರ ಮನೆ ಹತ್ತಿರ ಒಂದು ಸ್ಮಶಾನ. ಅಲ್ಲೇ ಅಭ್ಯಾಸ. ಐನೂರು ಮೀಟರಿನಷ್ಟು ಸುತ್ತನ್ನೇ ಸುತ್ತಿ ಸುತ್ತಿ, ಗಂಟೆಗಟ್ಟಲೆ, ಒಳ್ಳೇ ದಿನಗಳಲ್ಲಿ ಮೂರು ಗಂಟೆ. ಕೋಚ್ ಇಲ್ಲ, ಡಯಟ್ ಇಲ್ಲ, ಸ್ಟ್ರೆಚಿಂಗ್ ಇಲ್ಲ, ಶೂ ಹಳೇದು. ಇಷ್ಟೆಲ್ಲ ಓಡಿದ ಮನುಷ್ಯ, ಅಭ್ಯಾಸದ ಓಟದಲ್ಲಿ ತನಗೆ ಯಾವ ಖುಷಿಯೂ ಇಲ್ಲ, ರೇಸ್ ಇಷ್ಟ, ದಾಖಲೆ ಇಷ್ಟ ಅಂತ ಕೇಳಿದವರಿಗೆಲ್ಲ ನೇರವಾಗಿ ಹೇಳುತ್ತಿದ್ದರು. ಓಟ ಧ್ಯಾನ, ಓಟ ಆನಂದ ಅಂತ ಪೋಸ್ಟ್ ಹಾಕೋರ ಮಧ್ಯೆ ನನಗೆ ಈ ಅಜ್ಜ ಇಷ್ಟ ಆಗೋದೇ ಇದಕ್ಕೆ.

70ನೇ ವಯಸ್ಸಿನ ಪ್ರಯತ್ನದಲ್ಲಿ 3 ಗಂಟೆ 23 ಸೆಕೆಂಡು. ಬರೀ 24 ಸೆಕೆಂಡಿಗೆ ತಪ್ಪಿತು! ಆಮೇಲೆ ಮಂಡಿ ಕೈಕೊಟ್ಟು ತಿಂಗಳುಗಟ್ಟಲೆ ಓಟ ಬಂದ್. ಮತ್ತೆ ಸ್ಮಶಾನ, ಮತ್ತೆ ಸುತ್ತು. 2003ರಲ್ಲಿ ಟೊರೊಂಟೊದಲ್ಲಿ, 72ಕ್ಕೆ, 2 ಗಂಟೆ 59 ನಿಮಿಷ 10 ಸೆಕೆಂಡು. ಮರುವರ್ಷ ವಯಸ್ಸು ಒಂದು ಏರಿತು, ಸಮಯ ಇಳಿಯಿತು: 2 ಗಂಟೆ 54 ನಿಮಿಷ 48 ಸೆಕೆಂಡು. ವಯಸ್ಸಿಗೆ ತಕ್ಕಂತೆ ಸಮಯವನ್ನು ತೂಗುವ ಕೋಷ್ಟಕಗಳಿವೆ, ಮಾಸ್ಟರ್ಸ್ ಕೂಟದವರೇ 1980ರ ದಶಕದ ಕೊನೆಗೆ ರೂಢಿಗೆ ತಂದದ್ದು. ಅದರಲ್ಲಿ ಹಾಕಿ ನೋಡಿದರೆ ಈ ಓಟ ಆ ಕಾಲದ ವಿಶ್ವದಾಖಲೆಯ ಪಕ್ಕದಲ್ಲೇ ಹೋಗಿ ಕೂರುತ್ತೆ. ಸಮಾಧಾನಕರ ಬಹುಮಾನವಂತೆ!

ಇನ್ನೊಂದು ತಮಾಷೆ. 2011ರ ಅಕ್ಟೋಬರ್ 16ರಂದು ಅದೇ ಟೊರೊಂಟೊ ಮ್ಯಾರಥಾನಿನಲ್ಲಿ ವಿಟ್ಲಾಕ್ 80ರ ಗುಂಪಿನಲ್ಲಿ 3 ಗಂಟೆ 15 ನಿಮಿಷ 54 ಸೆಕೆಂಡಿಗೆ ಮುಗಿಸಿ ಮನೆಗೆ ಹೋದ ಎಷ್ಟೋ ಹೊತ್ತಿನ ಮೇಲೆ, ಎಂಟು ಗಂಟೆ ದಾಟಿದಾಗ, ಪೇಟ ಸುತ್ತಿದ ಒಬ್ಬ ಅಜ್ಜ ಗೆರೆ ಮುಟ್ಟಿದರು. ಫೌಜಾ ಸಿಂಗ್. ಪಂಜಾಬಿನ ಹಳ್ಳಿಯ ರೈತ, ಮಗನನ್ನು ಕಳೆದುಕೊಂಡ ದುಃಖದಿಂದ ಹೊರಬರೋಕೆ ಲಂಡನ್ನಿನಲ್ಲಿ ಓಡಲು ಹಿಡಿದವರು. ಮೊದಲ ಮ್ಯಾರಥಾನ್ 89ಕ್ಕೆ. ಆವತ್ತು ಅವರಿಗೆ ನೂರು. ನೂರು ದಾಟಿ ಮ್ಯಾರಥಾನ್ ಮುಗಿಸಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ.

ಗಿನ್ನೆಸ್‌ನವರು ಒಪ್ಪಲಿಲ್ಲ. ಪಾಸ್‌ಪೋರ್ಟಿನಲ್ಲಿ 1911ರ ಏಪ್ರಿಲ್ 1 ಅಂತ ಇತ್ತು, ನೂರು ತುಂಬಿದ್ದಕ್ಕೆ ಬ್ರಿಟನ್ನಿನ ರಾಣಿಯ ಶುಭಾಶಯ ಪತ್ರವೂ ಬಂದಿತ್ತು. ಆದರೆ ಜನನ ಪ್ರಮಾಣಪತ್ರ ಇರಲಿಲ್ಲ. 1911ರಲ್ಲಿ ಪಂಜಾಬಿನ ಹಳ್ಳಿಯಲ್ಲಿ ಯಾರು ಬರೆದಿಟ್ಟಿರ್ತಾರೆ? ಐದು ವರ್ಷದ ಗುಂಪು ಅನ್ನೋ ಈ ಚಂದದ ಏರ್ಪಾಡಿನ ಬೇರು ಇರೋದು ಒಂದು ಕಾಗದದಲ್ಲಿ, ಆ ಕಾಗದ ಎಲ್ಲರ ಮನೆಯಲ್ಲೂ ಇಲ್ಲ. ಗಿನ್ನೆಸ್‌ನವರದು ನಿಯಮ, ಸರಿ. ಆದರೂ ನನಗೆ ಹೊಟ್ಟೆ ಉರಿಯುತ್ತೆ. ಹಳ್ಳಿಯಲ್ಲಿ ಹುಟ್ಟಿದವರಿಗೆ ಇದು ಬೇಗ ಅರ್ಥವಾಗುತ್ತೆ. ನಮ್ಮೂರ ಶಾಲೆಯ ದಾಖಲಾತಿ ಪುಸ್ತಕ ತೆಗೆದು ನೋಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿದೆ. ಮಗೂನ ಕರೆದುಕೊಂಡು ಹೋದಾಗ ಮೇಷ್ಟ್ರು ಮುಖ ನೋಡಿ, ಕೈ ಕಿವಿಗೆ ಮುಟ್ಟುತ್ತಾ ನೋಡಿ, ಬರೆದುಕೊಂಡ ತಾರೀಕು ಅದು.

ಚಂಡೀಗಢದ ಮಾನ್ ಕೌರ್ ಅವರದು ಇನ್ನೊಂದು ಬಗೆ. 93ಕ್ಕೆ, ಮಗನ ಒತ್ತಾಯಕ್ಕೆ ಓಡಲು ಶುರು ಮಾಡಿದ ಅಜ್ಜಿ. 2017ರಲ್ಲಿ ಆಕ್ಲೆಂಡಿನ ವಿಶ್ವ ಮಾಸ್ಟರ್ಸ್ ಕೂಟದಲ್ಲಿ, 101ರಲ್ಲಿ, ನೂರು ಮೀಟರನ್ನು ಒಂದೂಕಾಲು ನಿಮಿಷದೊಳಗೆ ಓಡಿ ಚಿನ್ನ ಗೆದ್ದರು. ಆ ಗುಂಪಿನಲ್ಲಿ ಅವರೊಬ್ಬರೇ ಇದ್ದಿದ್ದು. ನಗು ಬರಬಹುದು. ಬೋವರ್‌ಮನ್ ಏದುಸಿರು ಬಿಟ್ಟ ಅದೇ ಊರಲ್ಲಿ, 55 ವರ್ಷದ ನಂತರ, ಜೊತೆಗೆ ಓಡೋಕೆ ಯಾರೂ ಉಳಿದಿಲ್ಲದ ಒಬ್ಬರಿಗೂ ಒಂದು ಗುಂಪು ತೆರೆದಿಟ್ಟಿದ್ದರು ಅನ್ನೋದು ನನಗೆ ಮುಖ್ಯವಾಗಿ ಕಂಡಿತು.

ವಿಟ್ಲಾಕ್ ಕೊನೆಯ ಮ್ಯಾರಥಾನ್ ಓಡಿದ್ದು 2016ರ ಅಕ್ಟೋಬರ್‌ನಲ್ಲಿ. 85 ವರ್ಷ, 3 ಗಂಟೆ 56 ನಿಮಿಷ 34 ಸೆಕೆಂಡು, ಆ ವಯಸ್ಸಿನಲ್ಲಿ ನಾಲ್ಕು ಗಂಟೆಯೊಳಗೆ ಮುಗಿಸಿದ ಮೊದಲಿಗರು. ಐದು ತಿಂಗಳಿಗೆ ಪ್ರಾಸ್ಟೇಟ್ ಕ್ಯಾನ್ಸರಿನಿಂದ ತೀರಿಕೊಂಡರು.

ಹೋದ ವಾರ ಊರಿಗೆ ಫೋನ್ ಮಾಡಿದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಕಾಗದದ ಪ್ರಕಾರ ಅವರಿಗೆ ಬರುವ ಜೂನ್ 1ಕ್ಕೆ 65. ಅಜ್ಜಿಯ ಲೆಕ್ಕದಲ್ಲಿ ಆಗಲೇ 67. ತೋಟಕ್ಕೆ ದಿನಾ ನಡೆದು ಹೋಗಿ ಬರುವ ಮನುಷ್ಯ, ನಾನು ಶೂ ಹಾಕಿಕೊಂಡು ಓಡೋದನ್ನ ನೋಡಿ ಇಷ್ಟು ದಿನ ನಗುತ್ತಿದ್ದವರು. ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: "ಆ ಅರವತ್ತೈದರ ಗುಂಪಲ್ಲಿ ನಮ್ಮ ಕಡೆಯೋರು ಯಾರಾದ್ರೂ ಓಡ್ತಾರೇನೋ?"